ಪ್ರೋಗ್ರಾಮಿಂಗ್ ನಿಜಕ್ಕೂ ಅರ್ಥವಾಗಿದೆಯೇ? ಓಡಿಸುವ ಮೊದಲೇ ಉತ್ತರ ಹೇಳಿ ನೋಡಿ

ಪ್ರಶ್ನೆ: ಪ್ರೋಗ್ರಾಮಿಂಗ್ ಕಲಿಯಲು ಶುರುಮಾಡಿ ಕೆಲವು ತಿಂಗಳಾಯಿತು. ವೇರಿಯಬಲ್ (ಬೆಲೆಯನ್ನು ಹಿಡಿದಿಡುವ ಹೆಸರು), ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳು), ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡ್ ತುಣುಕು) ಎಲ್ಲ ಓದಿದ್ದೇನೆ, ಕ್ವಿಜ್‌ಗಳಲ್ಲಿ ಒಳ್ಳೆಯ ಅಂಕವೂ ಬರುತ್ತದೆ. ಆದರೆ ಖಾಲಿ ಪರದೆಯ ಮುಂದೆ ಕೂತರೆ ಏನೂ ತೋಚುವುದಿಲ್ಲ. ಮೂಲ ವಿಷಯಗಳು ನನಗೆ ಗೊತ್ತಿವೆಯೋ ಇಲ್ಲವೋ ಎಂದು ಪರೀಕ್ಷಿಸಿಕೊಳ್ಳುವುದು ಹೇಗೆ?

ಉತ್ತರ: ಆ ಕ್ವಿಜ್‌ಗಳನ್ನು ಸದ್ಯಕ್ಕೆ ಬದಿಗಿಡಿ. ಲೂಪ್ ಎಂದರೇನು ಎಂಬ ಪ್ರಶ್ನೆಗೆ ನಾಲ್ಕರಲ್ಲಿ ಸರಿಯಾದ ಆಯ್ಕೆ ಗುರುತಿಸಲು ನೆನಪಿನ ಶಕ್ತಿ ಸಾಕು. ಒಂದು ತುಣುಕು ಕೋಡ್ ಓಡುವಾಗ ಒಳಗೆ ಏನೇನಾಗುತ್ತದೆ ಎಂದು ಅದನ್ನು ಓಡಿಸದೆಯೇ ಹೇಳಬಲ್ಲಿರಾ? ನನ್ನ ಮಟ್ಟಿಗೆ ಮೊದಲ ಪರೀಕ್ಷೆ ಇದೇ. ಈ ನಾಲ್ಕು ಸಾಲು ನೋಡಿ:

ಅ = 5
ಬ = 8
ಅ = ಬ
ಬ = ಅ

ಕೊನೆಗೆ ‘ಅ’ ಎಷ್ಟು, ‘ಬ’ ಎಷ್ಟು? ಕಾಗದದ ಮೇಲೆ ಉತ್ತರ ಬರೆದಿಟ್ಟು ಮುಂದೆ ಓದಿ.

ಎರಡೂ 8. ಮೂರನೇ ಸಾಲಿನಲ್ಲೇ 5 ಅಳಿಸಿಹೋಯಿತು, ನಾಲ್ಕನೇ ಸಾಲಿಗೆ ಅದು ಸಿಗುವುದೇ ಇಲ್ಲ. ಬೆಲೆಗಳು ಅದಲುಬದಲಾಗುತ್ತವೆ ಎಂದು ನೀವು ಬರೆದಿದ್ದರೆ, ಕೋಡ್ ಓದುವ ಬದಲು ಬರೆದವರ ಉದ್ದೇಶವನ್ನು ಊಹಿಸಿದ್ದೀರಿ. ಕಂಪ್ಯೂಟರಿನೊಳಗೆ ನಮ್ಮ ಮನಸ್ಸಿನಲ್ಲಿರುವುದನ್ನು ಅರ್ಥಮಾಡಿಕೊಳ್ಳುವ ಯಾವುದೋ ಬುದ್ಧಿ ಇದೆ ಎಂಬ ಈ ನಂಬಿಕೆಯನ್ನು ಸಂಶೋಧಕ ರಾಯ್ ಪೀ 1986ರಲ್ಲೇ ‘ಸೂಪರ್‌ಬಗ್’ ಎಂದು ಕರೆದರು. ಹೊಸಬರ ಎಷ್ಟೋ ತಪ್ಪುಗಳ ಬೇರು ಅಲ್ಲಿದೆ.

ಇನ್ನೊಂದು: ‘ಅ’ಗೆ 10 ಕೊಡಿ, ‘ಬ’ಗೆ ಅ + 1 ಕೊಡಿ, ಆಮೇಲೆ ‘ಅ’ವನ್ನು 20 ಮಾಡಿ. ಈಗ ‘ಬ’ ಎಷ್ಟು? 21 ಅನ್ನುವವರು ಗಣಿತದ ಸಮೀಕರಣದ ಕಣ್ಣಿನಿಂದ ನೋಡುತ್ತಿದ್ದಾರೆ. ಪೈಥಾನ್, ಸಿ, ಜಾವಾದಂಥ ಭಾಷೆಗಳಲ್ಲಿ = ಚಿಹ್ನೆ ಒಂದು ಆಜ್ಞೆ: ಬಲಗಡೆಯದನ್ನು ಈ ಕ್ಷಣದ ಬೆಲೆಗಳಿಂದ ಲೆಕ್ಕಹಾಕಿ ಎಡಗಡೆಯ ಹೆಸರಿಗೆ ಕೊಡು. ‘ಬ’ 11 ಆಗಿಯೇ ಉಳಿಯುತ್ತದೆ.

ಷರತ್ತುಗಳಿಗೂ ಇಂಥದ್ದೇ ಪ್ರಶ್ನೆ ಹಾಕಿಕೊಳ್ಳಿ. ‘ಅ’ 15 ಇದೆ. 10ಕ್ಕಿಂತ ಹೆಚ್ಚಿದ್ದರೆ 10 ಕಳೆ ಎಂದು ಒಂದು ಇಫ್, ಅದರ ಕೆಳಗೆ 10ಕ್ಕಿಂತ ಕಡಿಮೆಯಿದ್ದರೆ 1 ಕೂಡು ಎಂದು ಇನ್ನೊಂದು ಇಫ್. ಉತ್ತರ 6, ಏಕೆಂದರೆ ಎರಡನೇ ಇಫ್ ಹೊಸ ಬೆಲೆಯನ್ನು ನೋಡುತ್ತದೆ. ಎರಡನೆಯದನ್ನು ಎಲ್ಸ್ ಇಫ್ (ಮೊದಲನೆಯದು ನಿಜವಾಗದಿದ್ದರೆ ಮಾತ್ರ ನೋಡುವ ಷರತ್ತು) ಮಾಡಿದರೆ ಉತ್ತರ 5. ಈ ವ್ಯತ್ಯಾಸವನ್ನು ತಡವರಿಸದೆ ವಿವರಿಸಲು ಬಂದರೆ ಷರತ್ತುಗಳ ಬಗ್ಗೆ ಚಿಂತೆ ಬೇಡ. ಲೂಪ್‌ಗಾದರೆ ಪ್ರತಿ ವೇರಿಯಬಲ್‌ಗೂ ಒಂದು ಕಂಬಸಾಲು ಎಳೆದು, ಪ್ರತಿ ಸುತ್ತಿಗೂ ಹಳೆಯ ಬೆಲೆ ಹೊಡೆದುಹಾಕಿ ಹೊಸದು ಬರೆಯುತ್ತ ಹೋಗಿ. ಬೇಸರದ ಕೆಲಸ, ಆದರೆ ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ನನಗೆ ಗೊತ್ತಿಲ್ಲ.

ಓದಿನ ಮೇಲೆ ಇಷ್ಟು ಒತ್ತು ಕೊಡಲು ಕಾರಣವಿದೆ. 2001ರಲ್ಲಿ ಮೈಕಲ್ ಮೆಕ್ರಾಕನ್ ನೇತೃತ್ವದ ತಂಡ ನಾಲ್ಕು ವಿಶ್ವವಿದ್ಯಾಲಯಗಳ 216 ವಿದ್ಯಾರ್ಥಿಗಳಿಗೆ ಪ್ರೋಗ್ರಾಂ ಬರೆಯಲು ಕೊಟ್ಟಿತು. ಸರಾಸರಿ 110ಕ್ಕೆ ಸುಮಾರು 23 ಅಂಕ ಬಂತು. ಸಮಸ್ಯೆ ಬಿಡಿಸುವ ಶಕ್ತಿಯೇ ಇಲ್ಲವೇನೋ ಎಂಬ ಅನುಮಾನ ಎದ್ದಿತು. 2004ರಲ್ಲಿ ರೇಮಂಡ್ ಲಿಸ್ಟರ್ ಮತ್ತು ಸಂಗಡಿಗರು ಸಣ್ಣ ಕೋಡ್‌ಗಳನ್ನು ಓದಿ ಉತ್ತರಿಸುವ ಪ್ರಶ್ನೆಗಳನ್ನು ಕೊಟ್ಟಾಗ ಅಲ್ಲೂ ಎಷ್ಟೋ ಮಂದಿ ಎಡವಿದರು. ಓದಲು ಬಾರದ ಕಡೆ ಬರೆಯಲು ತೋಚದಿರುವುದು ಸಹಜ. ಖಾಲಿ ಪರದೆಯ ನಿಮ್ಮ ತೊಂದರೆಯೂ ಬಹುಶಃ ಇದೇ.

ಇದನ್ನು ಹುಟ್ಟುಗುಣ ಎಂದುಕೊಂಡು ಕೈಚೆಲ್ಲಬೇಡಿ. ಕಲಿಸುವ ಮೊದಲೇ ಒಂದು ಸಣ್ಣ ಪರೀಕ್ಷೆಯಿಂದ ಯಾರಿಗೆ ಪ್ರೋಗ್ರಾಮಿಂಗ್ ಒಲಿಯುತ್ತದೆ, ಯಾರಿಗೆ ಇಲ್ಲ ಎಂದು ಹೇಳಬಹುದು ಎಂಬ ವಾದ 2006ರಲ್ಲಿ ತುಂಬ ಸದ್ದು ಮಾಡಿತ್ತು. ಅದರ ಲೇಖಕರಲ್ಲಿ ಒಬ್ಬರಾದ ರಿಚರ್ಡ್ ಬೋರ್ನಾಟ್ 2014ರಲ್ಲಿ ಅದನ್ನು ಬಹಿರಂಗವಾಗಿ ಹಿಂತೆಗೆದುಕೊಂಡರು. ದುಃಖವೆಂದರೆ ಹಳೆಯ ವಾದ ಇಂದಿಗೂ ಓಡಾಡುತ್ತಿದೆ.

ಸಾಲುಸಾಲಾಗಿ ಓದಲು ಬಂದಮೇಲೆ ಮುಂದಿನ ಮೆಟ್ಟಿಲು ಇಡೀ ತುಣುಕಿನ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳುವುದು. ‘ದೊಡ್ಡದು’ ಎಂಬ ವೇರಿಯಬಲ್‌ಗೆ 0 ಕೊಟ್ಟು, ಪಟ್ಟಿಯ ಪ್ರತಿ ಸಂಖ್ಯೆಯನ್ನೂ ಅದಕ್ಕೆ ಹೋಲಿಸಿ, ಹೆಚ್ಚಿದ್ದರೆ ಬದಲಿಸುವ ಕೋಡ್ ಇದೆ ಅಂದುಕೊಳ್ಳಿ. ‘ಮೊದಲು ಸೊನ್ನೆ ಇಡುತ್ತದೆ, ಆಮೇಲೆ ಹೋಲಿಸುತ್ತದೆ’ ಎನ್ನುವುದು ವಿವರಣೆಯಲ್ಲ, ವರದಿ. ‘ಪಟ್ಟಿಯ ಅತಿದೊಡ್ಡ ಸಂಖ್ಯೆ ಹುಡುಕುತ್ತದೆ’ ಎಂದರೆ ಅರ್ಥವಾಗಿದೆ. ಅಲ್ಲಿಗೂ ನಿಲ್ಲಬೇಡಿ: ಯಾವ ಪಟ್ಟಿ ಕೊಟ್ಟರೆ ಈ ಕೋಡ್ ತಪ್ಪು ಉತ್ತರ ಕೊಡುತ್ತದೆ? ಎಲ್ಲವೂ ಋಣಸಂಖ್ಯೆಗಳಾದರೆ ಪಟ್ಟಿಯಲ್ಲೇ ಇಲ್ಲದ 0 ಹೊರಬರುತ್ತದೆ. ಕೋಡ್ ಎಲ್ಲಿ ಮುರಿಯುತ್ತದೆ ಎಂದು ತೋರಿಸಬಲ್ಲವರಿಗೆ ಅದು ಎಷ್ಟು ಚೆನ್ನಾಗಿ ಗೊತ್ತಿರುತ್ತದೆ ಎಂಬುದನ್ನು ಯಾವ ಬಹು ಆಯ್ಕೆಯೂ ಅಳೆಯಲಾರದು.

ನೇರವಾಗಿ ಬರೆಯಲು ಇನ್ನೂ ಅಂಜಿಕೆಯಿದ್ದರೆ ಪಾರ್ಸನ್ಸ್ ಪ್ರಾಬ್ಲಂ ಸಿಗುತ್ತದಾ ನೋಡಿ. ಸಾಲುಗಳನ್ನು ಕಲಸಿ ಕೊಟ್ಟಿರುತ್ತಾರೆ, ನೀವು ಸರಿಯಾದ ಕ್ರಮಕ್ಕೆ ಜೋಡಿಸಬೇಕು. ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಷಿಯಾ ಹೇಡನ್ 2006ರಲ್ಲಿ ಪರಿಚಯಿಸಿದ ಕ್ರಮ ಇದು.

ಕೊನೆಗೆ ಬರೆಯುವ ಪರೀಕ್ಷೆಯಾಗಿ ಎಲಿಯಟ್ ಸೊಲೊವೇ 1980ರ ದಶಕದಲ್ಲಿ ಬಳಸಿದ ಹೆಸರಾಂತ ಮಳೆ ಸಮಸ್ಯೆಯನ್ನೇ ತೆಗೆದುಕೊಳ್ಳಿ: ಸಂಖ್ಯೆಗಳನ್ನು ಒಂದೊಂದಾಗಿ ಓದುತ್ತ ಹೋಗು, 99999 ಬಂದಾಗ ನಿಲ್ಲಿಸು, ಸರಾಸರಿ ಹೇಳು. ಯಾರ ಸಹಾಯವೂ ಇಲ್ಲದೆ ಬರೆದು, ನಿಮ್ಮ ತಪ್ಪು ಯಾವ ಜಾತಿಯದು ಎಂದು ಗಮನಿಸಿ. ಸರಾಸರಿಯೊಳಗೆ 99999 ಸೇರಿಕೊಂಡಿದೆಯೇ? ಲೂಪಿನಲ್ಲಿ ಓದುವುದು, ಪರೀಕ್ಷಿಸುವುದು, ಕೂಡುವುದು ಯಾವ ಕ್ರಮದಲ್ಲಿವೆ ಎಂದು ಮತ್ತೆ ಕೋಷ್ಟಕ ಹಾಕಿ. ಉತ್ತರ ಪ್ರತಿ ಸುತ್ತಿಗೂ ಮುದ್ರಣವಾಗುತ್ತಿದೆಯೇ? ಲೂಪಿನ ಒಳಗು ಯಾವುದು, ಹೊರಗು ಯಾವುದು ಎಂಬುದು ಗಟ್ಟಿಯಾಗಿಲ್ಲ. ಎಲ್ಲ ಸರಿಯಿದ್ದರೆ ಮೊದಲ ಸಂಖ್ಯೆಯಾಗಿಯೇ 99999 ಕೊಟ್ಟು ನೋಡಿ. ಎಣಿಕೆ ಸೊನ್ನೆಯಾಗಿರುವಾಗ ಭಾಗಿಸಲು ಹೋಗಿ ಪ್ರೋಗ್ರಾಂ ನಿಂತರೆ, ಅಲ್ಲಿಗೆ ಬೇಕಾಗಿರುವುದು ಒಂದೇ ಒಂದು ಇಫ್.