ಪೊಲೀಸ್ ಶಿಸ್ತುಕ್ರಮದಲ್ಲಿ ಕೊನೆಯ ಸಹಿ ಯಾರದ್ದು?

ಪೊಲೀಸರ ಮೇಲೆ ದೂರು ಕೊಡಬೇಕು ಅಂತ ಬರುವವರು ಮೊದಲು ಕೇಳುವುದು ಒಂದೇ: "ಅವನ ಕೆಲಸ ಹೋಗುತ್ತಾ?" ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಘಟನೆ ಯಾವತ್ತು ನಡೆದದ್ದು? ಅಲ್ಲಿ ಶಿಕ್ಷೆಯ ಆದೇಶಕ್ಕೆ ಸಹಿ ಹಾಕುವವರು ಯಾರು? ಪೊಲೀಸರ ಮೇಲಿನ ದೂರು ನೋಡುವ ಮಂಡಳಿಯಲ್ಲಿ ಎಷ್ಟು ಜನ ಇದ್ದಾರೆ, ಯಾರನ್ನು ಯಾರು ನೇಮಿಸಿದರು ಅನ್ನುವುದೆಲ್ಲ ಆಮೇಲಿನ ಮಾತು.

ನ್ಯೂಯಾರ್ಕ್ ನಗರವನ್ನೇ ತಗೊಳ್ಳಿ. ಅಲ್ಲಿನ ನಾಗರಿಕ ದೂರು ಪರಿಶೀಲನಾ ಮಂಡಳಿ 1993ರಿಂದ ಪೊಲೀಸ್ ಇಲಾಖೆಯ ಹೊರಗಿದೆ. ತನಿಖೆ ಮಾಡುವವರು ಪೊಲೀಸರಲ್ಲ, ಮಂಡಳಿಯದೇ ನೌಕರರು. ಗಂಭೀರ ಆರೋಪ ರುಜುವಾತಾದರೆ ಇಲಾಖಾ ವಿಚಾರಣೆಯಲ್ಲಿ ವಾದ ಮಾಡುವುದೂ ಮಂಡಳಿಯ ವಕೀಲರೇ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಕೊನೆಗೆ ಬರುವುದು ಶಿಫಾರಸು ಮಾತ್ರ. ಅದನ್ನು ಒಪ್ಪುವುದು, ಕಡಿಮೆ ಮಾಡುವುದು, ಬದಿಗಿಡುವುದು ಪೊಲೀಸ್ ಕಮಿಷನರ್ ಕೈಯಲ್ಲಿದೆ.

ಎರಿಕ್ ಗಾರ್ನರ್ ಪ್ರಕರಣ ನೆನಪಿರಬಹುದು. 2014ರ ಜುಲೈ 17ರಂದು ನ್ಯೂಯಾರ್ಕ್ ನಗರದ ಸ್ಟೇಟನ್ ಐಲ್ಯಾಂಡ್‌ನಲ್ಲಿ, ಬಿಡಿ ಸಿಗರೇಟು ಮಾರುತ್ತಿದ್ದಾನೆ ಅನ್ನುವ ಅನುಮಾನದ ಮೇಲೆ ಅವರನ್ನು ಹಿಡಿದರು. ಒಬ್ಬ ಅಧಿಕಾರಿ ಕುತ್ತಿಗೆಗೆ ತೋಳು ಸುತ್ತಿ ಕೆಡವಿದ್ದು, ಉಸಿರಾಡಲು ಆಗುತ್ತಿಲ್ಲ ಅಂತ ಗಾರ್ನರ್ ಮತ್ತೆ ಮತ್ತೆ ಹೇಳಿದ್ದು, ಎಲ್ಲವೂ ಮೊಬೈಲ್ ವಿಡಿಯೊದಲ್ಲಿ ಸೆರೆಯಾಗಿತ್ತು. ಗಾರ್ನರ್ ತೀರಿಕೊಂಡರು. ಆ ಅಧಿಕಾರಿ ವಜಾ ಆದದ್ದು 2019ರ ಆಗಸ್ಟ್‌ನಲ್ಲಿ. ಐದು ವರ್ಷ!

ಇಷ್ಟು ಹೊತ್ತು ಯಾಕೆ? ಇಲ್ಲಿ ಸೋಮಾರಿತನಕ್ಕಿಂತ ಜಾಸ್ತಿ ಕೆಲಸ ಮಾಡುವುದು ಒಂದು ಕಾನೂನಿನ ಗಂಟು. ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲಿ ಗ್ಯಾರಿಟಿ ಪ್ರಕರಣದಲ್ಲಿ ಒಂದು ಮಾತು ಹೇಳಿತು. ಉತ್ತರ ಕೊಡದಿದ್ದರೆ ಕೆಲಸ ಹೋಗುತ್ತದೆ ಅಂತ ಹೆದರಿಸಿ ಅಧಿಕಾರಿಯಿಂದ ಪಡೆದ ಹೇಳಿಕೆಯನ್ನು ಕ್ರಿಮಿನಲ್ ಕೇಸಿನಲ್ಲಿ ಅವನ ವಿರುದ್ಧ ಬಳಸುವಂತಿಲ್ಲ. ನ್ಯಾಯವಾದ ಮಾತೇ. ಆದರೆ ಕ್ರಿಮಿನಲ್ ಕೇಸು ನಡೆಸುವ ಸರ್ಕಾರಿ ವಕೀಲರಾದ ಪ್ರಾಸಿಕ್ಯೂಟರ್‌ಗಳಿಗೆ ಇದರಿಂದ ದಿಗಿಲು. ಇಲಾಖೆ ಮೊದಲು ಬಾಯಿ ಬಿಡಿಸಿದರೆ ತಮ್ಮ ಕೇಸು ಕೆಡಬಹುದು. ಹಾಗಾಗಿ "ಸ್ವಲ್ಪ ತಡೆಯಿರಿ" ಅನ್ನುತ್ತಾರೆ. ಇಲಾಖೆ ತಡೆಯುತ್ತದೆ. ಗಾರ್ನರ್ ವಿಷಯದಲ್ಲೂ ಗ್ರ್ಯಾಂಡ್ ಜೂರಿ (ಕ್ರಿಮಿನಲ್ ಆರೋಪ ಹೊರಿಸಬೇಕೇ ಅಂತ ತೀರ್ಮಾನಿಸುವ ನಾಗರಿಕರ ತಂಡ) 2014ರ ಡಿಸೆಂಬರ್‌ನಲ್ಲಿ ಆರೋಪ ಹೊರಿಸಲು ಒಪ್ಪಲಿಲ್ಲ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ತನಿಖೆ 2019ರ ಜುಲೈವರೆಗೂ ಎಳೆಯಿತು.

ಅಷ್ಟರಲ್ಲಿ ಗಡುವು ಮುಗಿದಿತ್ತು. ನ್ಯೂಯಾರ್ಕ್ ಕಾನೂನಿನ ಪ್ರಕಾರ ಘಟನೆಯಾದ 18 ತಿಂಗಳೊಳಗೆ ಶಿಸ್ತು ಆರೋಪ ಹೊರಿಸಬೇಕು. ಆ ನಡತೆ ಅಪರಾಧವೇ ಆಗುವಂಥದ್ದಾದರೆ ಮಾತ್ರ ವಿನಾಯಿತಿ. ಹೀಗಾಗಿ ಮಂಡಳಿಯ ವಕೀಲರು ಬರೀ ನಿಯಮ ಮುರಿದ ಅಂತ ತೋರಿಸಿದರೆ ಸಾಕಾಗಲಿಲ್ಲ. ಇಲಾಖೆಯ ವಿಚಾರಣೆಯಲ್ಲೇ ಅದು ಅಪರಾಧದ ಮಟ್ಟದ್ದು ಅಂತ ಸಾಬೀತು ಮಾಡಬೇಕಾಯಿತು. ನನ್ನ ಅಭಿಪ್ರಾಯದಲ್ಲಿ, ಮಂಡಳಿಗೆ ಹೊಸ ಅಧಿಕಾರ ಕೊಡುವ ಚರ್ಚೆಗಿಂತ, ಕ್ರಿಮಿನಲ್ ತನಿಖೆ ನಡೆಯುವಷ್ಟು ದಿನ ಈ ಗಡುವನ್ನು ನಿಲ್ಲಿಸುವುದೇ ಮುಖ್ಯ.

ಇನ್ನೊಂದು ಗೊಂದಲವಿದೆ. ಕೋರ್ಟಿನಲ್ಲಿ ಖುಲಾಸೆಯಾದ ಅಧಿಕಾರಿ ನಿರ್ದೋಷಿ, ಮತ್ತೆ ಯಾಕೆ ಶಿಸ್ತುಕ್ರಮ ಅಂತ ಕೇಳುತ್ತಾರೆ. ಜೈಲಿಗೆ ಕಳಿಸಲು ಸಂಶಯಕ್ಕೆ ಎಡೆಯಿಲ್ಲದ ಸಾಕ್ಷ್ಯ ಬೇಕು. ಕೆಲಸದಿಂದ ತೆಗೆಯಲು ಸಾಕ್ಷ್ಯದ ತೂಕ ಒಂದು ಕಡೆ ವಾಲಿದರೆ ಸಾಕು. ಎರಡೂ ಬೇರೆ ಬೇರೆ ಅಳತೆ.

ಸಾಕ್ಷ್ಯ ಅಂದಮೇಲೆ ಪೊಲೀಸರು ಮೈಮೇಲೆ ಹಾಕಿಕೊಳ್ಳುವ ಬಾಡಿ ಕ್ಯಾಮೆರಾ ಬಗ್ಗೆ ಹೇಳಲೇಬೇಕು. ಹಲವು ಕ್ಯಾಮೆರಾಗಳಲ್ಲಿ ಬಟನ್ ಒತ್ತುವ ಮುಂಚಿನ 30 ಸೆಕೆಂಡ್ ದೃಶ್ಯವೂ ಉಳಿಯುತ್ತದೆ, ಧ್ವನಿ ಮಾತ್ರ ಇರುವುದಿಲ್ಲ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 2017ರಲ್ಲಿ ಹೊರಬಿದ್ದ ವಿಡಿಯೊದಲ್ಲಿ ಅಧಿಕಾರಿಯೊಬ್ಬ ಮಾದಕ ವಸ್ತುವಿನ ಪೊಟ್ಟಣವನ್ನು ಕಸದ ನಡುವೆ ತಾನೇ ಇಡುತ್ತಾನೆ. ಆಚೆ ಹೋಗಿ, ಕ್ಯಾಮೆರಾ ಆನ್ ಮಾಡಿ, ಬಂದು "ಹುಡುಕಿ" ತೆಗೆಯುತ್ತಾನೆ. ಅವನನ್ನು ಹಿಡಿದುಕೊಟ್ಟದ್ದು ಆ ಮೂಕ 30 ಸೆಕೆಂಡ್. ಅದಕ್ಕೇ ವಿಡಿಯೊ ಬಂದರೆ ನಾನು ಧ್ವನಿ ಶುರುವಾಗುವ ಮೊದಲಿನ ಭಾಗವನ್ನೇ ಮೊದಲು ನೋಡುವುದು.

ಹಳೆಯ ದಾಖಲೆಗಳ ಕಥೆ ಬೇರೆಯೇ. ನ್ಯೂಯಾರ್ಕ್‌ನಲ್ಲಿ ಅಧಿಕಾರಿಗಳ ಶಿಸ್ತು ದಾಖಲೆಗಳನ್ನು 50-ಎ ಅನ್ನುವ ಕಲಮು ದಶಕಗಳ ಕಾಲ ಮುಚ್ಚಿಟ್ಟಿತ್ತು. 2020ರ ಜೂನ್‌ನಲ್ಲಿ ಅದು ರದ್ದಾಯಿತು.

ದೂರು ಕೊಡುವವರಿಗೆ ನಾನು ಹೇಳುವುದಿಷ್ಟು. ಕೋಪದಲ್ಲಿ ಪುಟಗಟ್ಟಲೆ ಬರೆಯಬೇಡಿ. ತಾರೀಖು, ಗಂಟೆ, ಜಾಗ, ಬ್ಯಾಡ್ಜ್ ನಂಬರ್, ಗಾಡಿ ನಂಬರ್ ಬರೆಯಿರಿ. ಗಾಯವಾಗಿದ್ದರೆ ಅವತ್ತೇ ವೈದ್ಯರ ಚೀಟಿ ಮಾಡಿಸಿ. ವಿಡಿಯೊ ಅಳಿಸಬೇಡಿ ಅಂತ ಬೇರೆಯೇ ಪತ್ರ ಕೊಟ್ಟು, ಅದಕ್ಕೆ ಸ್ವೀಕೃತಿ ತಗೊಳ್ಳಿ. ಎಲ್ಲ ಇಲಾಖೆಗಳೂ ವಿಡಿಯೊವನ್ನು ಸುಮ್ನೆ ವರ್ಷಗಟ್ಟಲೆ ಇಟ್ಟುಕೊಳ್ಳುತ್ತವೆ ಅಂತ ನಂಬಿ ಕೂರಬೇಡಿ.