ಕಾದಂಬರಿಯಂತೆ ಓದಿಸಿಕೊಳ್ಳುವ ಯುದ್ಧದ ಇತಿಹಾಸವನ್ನು ನಂಬಬಹುದೇ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಸ್ಟಾಲಿನ್‌ಗ್ರಾಡ್ ನಗರದಲ್ಲಿ ಜರ್ಮನ್ ಮತ್ತು ಸೋವಿಯತ್ ಸೇನೆಗಳ ನಡುವೆ ನಡೆದ ಕದನದ ಬಗ್ಗೆ ಆಂಟನಿ ಬೀವರ್ ಬರೆದ ‘ಸ್ಟಾಲಿನ್‌ಗ್ರಾಡ್’ ಓದಲು ಹಿಡಿದರೆ ಕೆಳಗಿಡಲು ಮನಸ್ಸಾಗುವುದಿಲ್ಲ. ಆದರೆ ಇಷ್ಟು ಸರಾಗವಾಗಿ ಸಾಗುವುದನ್ನು ಇತಿಹಾಸವೆಂದು ನಂಬಬಹುದೇ? ಹಿಮದಲ್ಲಿ ಸಿಕ್ಕಿಬಿದ್ದ ಸೈನಿಕನ ಮನಸ್ಸಿನಲ್ಲಿ ಏನಿತ್ತೆಂಬುದು ಲೇಖಕರಿಗೆ ಹೇಗೆ ತಿಳಿಯಿತು?

ಉತ್ತರ: ನಂಬಬಹುದು. ಆದರೆ ಎಲ್ಲ ವಾಕ್ಯಗಳಿಗೂ ಒಂದೇ ಪ್ರಮಾಣದ ನಂಬಿಕೆ ಸಲ್ಲುವುದಿಲ್ಲ. ಯಾವುದನ್ನು ಹೆಚ್ಚು ನಂಬಬೇಕು, ಯಾವುದನ್ನು ಕಡಿಮೆ ಎಂಬ ವಿಷಯದಲ್ಲಿ ಬಹುತೇಕ ಓದುಗರ ಅನುಮಾನ ತಿರುಗುಮುರುಗಾಗಿರುತ್ತದೆ. ಸೈನಿಕನ ನಡುಕ, ಹಸಿವು, ಹೇನಿನ ಕಾಟದಂತಹ ಸಣ್ಣ ವಿವರಗಳನ್ನು ಅವರು ಕಲ್ಪನೆ ಎಂದುಕೊಳ್ಳುತ್ತಾರೆ, ದೊಡ್ಡ ಅಂಕಿಗಳನ್ನು ಕಣ್ಣುಮುಚ್ಚಿ ಒಪ್ಪುತ್ತಾರೆ. ನನ್ನ ಅನುಭವದಲ್ಲಿ ಈ ಬಗೆಯ ಪುಸ್ತಕಗಳ ಗಟ್ಟಿಯಾದ ಭಾಗವೇ ಆ ಸಣ್ಣ ವಿವರಗಳು.

ಬೀವರ್ ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಯಾಗಿದ್ದವರು. ಸ್ಯಾಂಡ್‌ಹರ್ಸ್ಟ್ ಸೈನಿಕ ಅಕಾಡೆಮಿಯಲ್ಲಿ ಇತಿಹಾಸಕಾರ ಜಾನ್ ಕೀಗನ್ ಅವರ ಶಿಷ್ಯ. ಸೇನೆ ಬಿಟ್ಟ ಮೇಲೆ ಮೊದಲು ಬರೆದದ್ದು ಕಾದಂಬರಿಗಳನ್ನು. ದೃಶ್ಯ ಕಟ್ಟುವ ಕೈಚಳಕ ಅಲ್ಲಿಂದ ಬಂದಿರಬೇಕು. ಆದರೆ 1998ರಲ್ಲಿ ‘ಸ್ಟಾಲಿನ್‌ಗ್ರಾಡ್’ ಹೊರಬಂದಾಗ ಅದನ್ನು ಮುಖ್ಯ ಕೃತಿಯಾಗಿಸಿದ್ದು ಬರೀ ಶೈಲಿಯಲ್ಲ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ರಷ್ಯಾದ ದಾಖಲೆಗಳು ಒಂದಿಷ್ಟು ಕಾಲ ಹೊರಗಿನವರಿಗೂ ತೆರೆದುಕೊಂಡಿದ್ದವು. ಪೊಡೋಲ್ಸ್ಕ್‌ನಲ್ಲಿರುವ ರಕ್ಷಣಾ ಸಚಿವಾಲಯದ ದಾಖಲೆಗಾರದಲ್ಲಿ, ರಣರಂಗದಿಂದ ಮೇಲಧಿಕಾರಿಗಳಿಗೆ ಹೋಗುತ್ತಿದ್ದ ವರದಿಗಳನ್ನು ಅವರು ಓದಿದರು. ಯಾರು ಓಡಿಹೋದರು, ಯಾರು ಗೊಣಗಿದರು, ಯಾರು ಕುಡಿದು ಬಿದ್ದಿದ್ದರು ಎಂಬುದೆಲ್ಲ ಆಗಿಂದಾಗಲೇ ಬರೆದಿಟ್ಟ ಕಾಗದಗಳು ಅವು. ಇನ್ನೊಂದು ಬದಿಯಲ್ಲಿ ಜರ್ಮನ್ನರ ಪತ್ರಗಳು, ದಿನಚರಿಗಳು. ನೀವು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ: ಸೈನಿಕನ ಮನಸ್ಸು ಲೇಖಕರಿಗೆ ತಿಳಿದದ್ದು ಸೈನಿಕನೇ ಮನೆಗೆ ಬರೆದ ಪತ್ರದಿಂದ, ಅಥವಾ ಅವನ ಮೇಲೆ ಕಣ್ಣಿಟ್ಟವನು ಬರೆದ ವರದಿಯಿಂದ. ಹಾಗೆಂದು ಸಿಕ್ಕ ಪತ್ರವನ್ನೆಲ್ಲ ಬೀವರ್ ಬಳಸಲಿಲ್ಲ. ಸ್ಟಾಲಿನ್‌ಗ್ರಾಡ್‌ನಿಂದ ಬಂದ ಕೊನೆಯ ಪತ್ರಗಳೆಂದು 1950ರ ದಶಕದಲ್ಲಿ ಇಡೀ ಜರ್ಮನಿ ಕಣ್ಣೀರಿಡುವಂತೆ ಮಾಡಿದ ಸಂಕಲನವೊಂದಿದೆ. ಅದು ನಕಲಿಯೆಂದೇ ಈಗ ಪರಿಗಣಿತವಾಗಿದೆ ಎಂದು ಅವರು ಮುನ್ನುಡಿಯಲ್ಲೇ ಎಚ್ಚರಿಸಿದ್ದಾರೆ.

ಮೂಲ ಯಾವುದೆಂದು ನೋಡುವುದು ಎಷ್ಟು ಮುಖ್ಯ ಎಂಬುದಕ್ಕೆ ಪುಸ್ತಕದಲ್ಲಿ ಬರುವ ಒಂದು ಪ್ರಸಂಗ ಹೇಳುತ್ತೇನೆ. 1941ರ ಆಗಸ್ಟ್‌ನಲ್ಲಿ ಉಕ್ರೇನಿನ ಬೇಲಾಯ ತ್ಸೆರ್ಕೊವ್ ಪಟ್ಟಣದಲ್ಲಿ ಸುಮಾರು 90 ಯಹೂದಿ ಮಕ್ಕಳನ್ನು ಕೊಲ್ಲಲಾಯಿತು. ತಂದೆತಾಯಿಯರನ್ನು ಮೊದಲೇ ಕೊಂದಾಗಿತ್ತು. ನೀರು, ಅನ್ನವಿಲ್ಲದೆ ಒಂದು ಮನೆಯಲ್ಲಿ ಕೂಡಿಹಾಕಿದ್ದ ಆ ಮಕ್ಕಳ ಅಳು ಕೇಳಿ ಜರ್ಮನ್ ಸೇನೆಯ ಪಾದ್ರಿಗಳು ಲೆಫ್ಟಿನೆಂಟ್ ಕರ್ನಲ್ ಹೆಲ್ಮುಟ್ ಗ್ರೋಸ್‌ಕುರ್ಟ್ ಎಂಬ ಅಧಿಕಾರಿಗೆ ಸುದ್ದಿ ಮುಟ್ಟಿಸಿದರು. ನಾಜಿಗಳನ್ನು ದ್ವೇಷಿಸುತ್ತಿದ್ದ ಅವರು ಹತ್ಯೆಯನ್ನು ತಾತ್ಕಾಲಿಕವಾಗಿ ತಡೆದು, ಜರ್ಮನಿಯ ಆರನೇ ಸೇನೆಯ ಕೇಂದ್ರಕ್ಕೆ ಮೊರೆಯಿಟ್ಟರು. ಅದರ ಸೇನಾಪತಿ ರೈಖೆನೌ ಹತ್ಯೆಯ ಪರವಾಗಿಯೇ ನಿಂತರು. ಎಸ್‌ಎಸ್ ಎಂಬ ನಾಜಿ ಪಡೆಯ ಮೇಲುಸ್ತುವಾರಿಯಲ್ಲಿ ಉಕ್ರೇನಿನ ಸ್ಥಳೀಯ ಪಡೆಯವರು ಗುಂಡು ಹಾರಿಸಿದರು. ಮುಂದೆ ಸ್ಟಾಲಿನ್‌ಗ್ರಾಡ್‌ನಲ್ಲಿ ಸಿಕ್ಕಿಬಿದ್ದದ್ದು ಇದೇ ಆರನೇ ಸೇನೆ. ಗ್ರೋಸ್‌ಕುರ್ಟ್ ಕೂಡ ಅಲ್ಲಿ ಸೆರೆಯಾಗಿ 1943ರಲ್ಲಿ ತೀರಿಕೊಂಡರು.

2018ರ ಜನವರಿಯಲ್ಲಿ ಉಕ್ರೇನ್ ಸರ್ಕಾರ ಈ ಪುಸ್ತಕದ ರಷ್ಯನ್ ಅನುವಾದದ ಆಮದನ್ನು ನಿಷೇಧಿಸಿತು. ಸ್ಥಳೀಯ ಪಡೆಯ ಕುರಿತ ಮಾತಿಗೆ ಸೋವಿಯತ್ ಗುಪ್ತಪೊಲೀಸರ ವರದಿಗಳೇ ಆಧಾರವೆಂಬುದು ಅಲ್ಲಿನ ಆಕ್ಷೇಪ. ಬೀವರ್ ಕೊಟ್ಟ ಉತ್ತರ ಸರಳವಾಗಿತ್ತು: ಆಧಾರ ಗ್ರೋಸ್‌ಕುರ್ಟ್ ಅವರ ಬರಹ. ಕೊಲೆ ನಿಲ್ಲಿಸಲು ಹೋರಾಡಿದ ಜರ್ಮನ್ ಅಧಿಕಾರಿ ಆ ದಿನಗಳಲ್ಲೇ ಬರೆದ ಸಾಕ್ಷ್ಯಕ್ಕಿಂತ ಗಟ್ಟಿಯಾದದ್ದು ಬೇರೇನು ಬೇಕು? ಇದಕ್ಕೂ ಮುಂಚೆ, 2015ರಲ್ಲಿ, ರಷ್ಯಾದ ಸ್ವೆರ್ಡ್‌ಲೊವ್‌ಸ್ಕ್ ಪ್ರಾಂತ್ಯದ ಶಾಲಾ ಗ್ರಂಥಾಲಯಗಳಿಂದ ಬೀವರ್ ಮತ್ತು ಕೀಗನ್ ಇಬ್ಬರ ಪುಸ್ತಕಗಳನ್ನೂ ತೆಗೆಯುವ ಆದೇಶ ಹೊರಟಿತ್ತು. ಎರಡೂ ಕಡೆಯವರು ಸಿಟ್ಟಾದರೆ ಬರೆದದ್ದೆಲ್ಲ ನಿಜವೆಂದು ತೀರ್ಮಾನಿಸುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಸಿಟ್ಟು ಯಾವುದಕ್ಕೂ ಪುರಾವೆಯಲ್ಲ.

ಈಗ ದುರ್ಬಲ ಭಾಗಕ್ಕೆ ಬರೋಣ. ಸ್ಟಾಲಿನ್‌ಗ್ರಾಡ್‌ನಲ್ಲಿ ಸೋವಿಯತ್ ಅಧಿಕಾರಿಗಳು ತಮ್ಮದೇ ಸುಮಾರು 13,500 ಸೈನಿಕರಿಗೆ ಮರಣದಂಡನೆ ವಿಧಿಸಿದರು ಎಂದು ಪುಸ್ತಕ ಹೇಳುತ್ತದೆ. ಓದಿದವರು ಮರೆಯದ ಅಂಕಿ ಇದು. ಬೇರೆ ಬೇರೆ ಲೇಖನಗಳಲ್ಲಿ ಮರುಕಳಿಸುತ್ತಲೇ ಇರುತ್ತದೆ. ಆದರೆ ಆಮೇಲೆ ಬೆಳಕಿಗೆ ಬಂದ ಗುಪ್ತಪೊಲೀಸರ ದಾಖಲೆಗಳ ಪ್ರಕಾರ, 1942ರ ಆಗಸ್ಟ್ 1ರಿಂದ ಅಕ್ಟೋಬರ್ 15ರವರೆಗೆ ಸ್ಟಾಲಿನ್‌ಗ್ರಾಡ್ ರಣರಂಗದಲ್ಲಿ ಹೀಗೆ ತಮ್ಮವರದೇ ಗುಂಡಿಗೆ ಬಲಿಯಾದವರು 278 ಮಂದಿ. ಜರ್ಮನ್ ಇತಿಹಾಸಕಾರ ಯೋಖೆನ್ ಹೆಲ್‌ಬೆಕ್ ಇದನ್ನು ಮುಂದಿಟ್ಟು ಹಳೆಯ ಅಂಕಿಯನ್ನು ಪ್ರಶ್ನಿಸಿದ್ದಾರೆ. ಎರಡೂ ಒಂದೇ ಅವಧಿಯ ಲೆಕ್ಕವಲ್ಲ, ದಾಖಲೆಗೆ ಸೇರದ ಸಾವುಗಳೂ ಇದ್ದಿರಬಹುದು. ಅಷ್ಟಾದರೂ ಅಂತರ ಬಹಳ ದೊಡ್ಡದು. ಕೆಂಪು ಸೇನೆ, ಅಂದರೆ ಸೋವಿಯತ್ ಸೇನೆ, ತಮ್ಮವರ ಬಂದೂಕಿನ ಭಯದಿಂದ ಹೋರಾಡಿತೋ ಮನಸ್ಸಿಟ್ಟು ಹೋರಾಡಿತೋ ಎಂಬ ಇಡೀ ವಾದವೇ ಇದರ ಮೇಲೆ ನಿಂತಿರುವಾಗ, ಇದನ್ನು ಚಿಕ್ಕ ಲೋಪವೆನ್ನಲಾಗದು.

ದುರ್ಬಲವಾಗುವ ಇನ್ನೊಂದು ಜಾಗ, ಅತಿ ಸುಂದರವಾದ ಕಥೆ. ಬೀವರ್ 2012ರಲ್ಲಿ ಬರೆದ ಎರಡನೇ ಮಹಾಯುದ್ಧದ ಸಮಗ್ರ ಇತಿಹಾಸ ಯಾಂಗ್ ಕ್ಯೊಂಗ್‌ಜೊಂಗ್ ಎಂಬ ಕೊರಿಯನ್ ಯುವಕನಿಂದ ಆರಂಭವಾಗುತ್ತದೆ. ಜಪಾನ್ ಅವನನ್ನು ಬಲವಂತವಾಗಿ ಸೇನೆಗೆ ಸೇರಿಸಿತಂತೆ, ಸೋವಿಯತ್ ಸೇನೆ ಸೆರೆಹಿಡಿದು ತನ್ನ ಸಮವಸ್ತ್ರ ತೊಡಿಸಿತಂತೆ, ಜರ್ಮನ್ನರೂ ಹಾಗೆಯೇ ಮಾಡಿದರಂತೆ, ಕೊನೆಗೆ 1944ರಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಅಮೆರಿಕನ್ನರಿಗೆ ಸಿಕ್ಕನಂತೆ. ಮೂರು ಸೇನೆ, ಒಂದು ಜೀವ. ಆದರೆ ಅಂಥ ವ್ಯಕ್ತಿ ಇದ್ದನೆಂಬುದಕ್ಕೆ ನಂಬಲರ್ಹ ದಾಖಲೆ ಸಿಕ್ಕಿಲ್ಲ. ಜರ್ಮನ್ ಸಮವಸ್ತ್ರದಲ್ಲಿರುವ ಏಷ್ಯಾದವನೊಬ್ಬನ ಫೋಟೋ ಇರುವುದು ನಿಜ, ಅದು ಅವನದೇ ಎಂದು ಯಾರೂ ತೋರಿಸಿಕೊಟ್ಟಿಲ್ಲ.

ಆದ್ದರಿಂದ ಓದುವಾಗ ಪುಸ್ತಕದ ಕೊನೆಯ ಟಿಪ್ಪಣಿಗಳಲ್ಲೂ ಒಂದು ಗುರುತುಚೀಟಿ ಇಟ್ಟುಕೊಳ್ಳಿ. ಮನಸ್ಸು ಕಲಕಿದ ಜಾಗದಲ್ಲಿ ನಿಂತು, ಅದನ್ನು ಬರೆದಿಟ್ಟವರು ಯಾರು, ಯಾವಾಗ ಎಂದು ಹಿಂದೆ ತಿರುವಿ ನೋಡಿ. ಘಟನೆ ನಡೆದ ವಾರದಲ್ಲೇ ಬರೆದ ಪತ್ರವಾದರೆ ಧೈರ್ಯವಾಗಿ ಮುಂದುವರಿಯಿರಿ. ನಲವತ್ತು ವರ್ಷಗಳ ನಂತರ ಹೇಳಿದ ನೆನಪಾದರೆ ಸ್ವಲ್ಪ ತಡೆಯಿರಿ. ದುಂಡಾದ ಅಂಕಿಯಿದ್ದು ಕೆಳಗೆ ಇನ್ನೊಂದು ಪುಸ್ತಕದ ಹೆಸರು ಮಾತ್ರ ಇದ್ದರೆ, ಆ ಅಂಕಿಯನ್ನು ಬೇರೆಯವರಿಗೆ ಹೇಳುವ ಮುನ್ನ ಮತ್ತೊಂದು ಕಡೆ ಪರಿಶೀಲಿಸಿ.

ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೇನೆ 25 ಲಕ್ಷ ಜನರಷ್ಟು ಬೆಳೆದಿತ್ತು. ನಮ್ಮವರ ಕಥೆಗಾಗಿ ಶ್ರೀನಾಥ್ ರಾಘವನ್ ಅವರ ‘ಇಂಡಿಯಾಸ್ ವಾರ್’ ಓದಿ. ಅವರೂ ಸೇನೆಯಲ್ಲಿ ಅಧಿಕಾರಿಯಾಗಿದ್ದವರೇ. ಜೊತೆಗೆ ರಘು ಕಾರ್ನಾಡ್ ಅವರ ‘ಫಾರ್ದೆಸ್ಟ್ ಫೀಲ್ಡ್’ ಇದೆ. ಅದರಲ್ಲಿ ಬರುವ ಮೂವರು ತರುಣರಲ್ಲಿ ಒಬ್ಬರು ಕೊಡಗಿನ ವೈದ್ಯ, ಲೇಖಕರ ಅಜ್ಜ ಕೊಡಂದೇರ ಗಣಪತಿ. ಅಲ್ಲಿಯೂ ಟಿಪ್ಪಣಿಗಳನ್ನು ಬಿಡಬೇಡಿ.