ಓದುಗರ ಪ್ರಶ್ನೆ: ಮಾವ ಹೊಗಳಿದ ಕೋವಿಯೇ ಬೆಸ್ಟ್ ಅಂತ ಯಾಕೆ ಅನಿಸ್ತದೆ?

"ಸರ್, ನನ್ನ ಮಾವ ತೀರಿಹೋದ ಮೇಲೆ ಅವರ 12 ಬೋರ್ ಅಳತೆಯ ಜೋಡಿ ನಳಿಗೆ ಕೋವಿಯ ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸ್ಲಿಕ್ಕೆ ಅರ್ಜಿ ಹಾಕಿದ್ದೇನೆ. ಮಾವ ಕೊನೆವರೆಗೂ 'ಇಂಗ್ಲೆಂಡಿನ ಕೋವಿ, ಉದ್ದ ನಳಿಗೆ, ಇದರ ಎದುರು ಬೇರೆಲ್ಲ ಬರೀ ದೊಣ್ಣೆ' ಅಂತಿದ್ರು. ಪುಸ್ತಕ ಓದುವ ಫ್ರೆಂಡ್ಸ್ .405 ವಿಂಚೆಸ್ಟರ್ ರೈಫಲ್ ಅಂತಾರೆ, ಯೂಟ್ಯೂಬ್ ನೋಡುವವರು ಇನ್ನೆಂತದೋ ಹೇಳ್ತಾರೆ. ನಾನು ಜೀವನದಲ್ಲಿ ಒಂದು ಈಡು ಹೊಡೆದವನಲ್ಲ, ಆದ್ರೂ ಮಾವನ ಕೋವಿಯೇ ಬೆಸ್ಟ್ ಅನಿಸ್ತದೆ. ಇದೆಂತ ಕತೆ?" (ಹೆಬ್ರಿ ಕಡೆಯ ಓದುಗರು)

ಮಾರಾಯ್ರೆ, ಕೊನೆಯ ವಾಕ್ಯದಲ್ಲಿ ಅರ್ಧ ಉತ್ತರ ನೀವೇ ಕೊಟ್ಟಿದ್ದೀರಿ. ಈಡು ಹೊಡೆಯದೆಯೇ ಅಭಿಪ್ರಾಯ ಬಂದು ಕೂತಿದೆ ಅಂದ್ರೆ ಅದು ಕೋವಿಯಿಂದ ಬಂದದ್ದಲ್ಲ, ಮಾವನಿಂದ ಬಂದದ್ದು. ಅಳಿಯಕಟ್ಟಿನ ಊರು ನಮ್ದು, ಸೋದರಮಾವನಿಂದ ಅಳಿಯನಿಗೆ ಆಸ್ತಿಯ ಜೊತೆಗೆ ಇದೂ ಬರ್ತದೆ.

ಮೊದಲು ಒಂದು ವಿಷಯ ಹೇಳಿಬಿಡ್ತೇನೆ, ಆಮೇಲೆ ತಕರಾರು ಬೇಡ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಮುಗಿದ ಅಧ್ಯಾಯ. ಬೆಳೆ ರಕ್ಷಣೆಯ ಲೈಸೆನ್ಸ್ ಉಂಟು ಅಂದ್ರೆ ಬೇಟೆಗೆ ಪರ್ಮಿಷನ್ ಉಂಟು ಅಂತ ಅಲ್ಲ. ಹಾಗಾಗಿ ಇಲ್ಲಿ ನಾನು ಮಾತಾಡೋದು ಕೋವಿ ಬಗ್ಗೆ ಅಭಿಪ್ರಾಯ ಹೇಗೆ ಹುಟ್ತದೆ ಅನ್ನೋದರ ಬಗ್ಗೆ ಮಾತ್ರ.

ಇದನ್ನು ಚಂದ ನೋಡ್ಬೇಕಾದ್ರೆ ಇಲೆಕ್ಷನ್ ಟೈಮಲ್ಲಿ ಪೊಲೀಸ್ ಸ್ಟೇಷನ್ನಿಗೆ ಹೋಗ್ಬೇಕು. ಊರಿನ ಲೈಸೆನ್ಸ್‌ದಾರರೆಲ್ಲ ಕೋವಿ ಡೆಪಾಸಿಟ್ ಮಾಡ್ಲಿಕ್ಕೆ ಬಂದಿರ್ತಾರೆ, ಗೋಡೆಗೆ ಒರಗಿಸಿಟ್ಟ ಕೋವಿಗಳ ಟ್ರಿಗರ್ ಗಾರ್ಡಿಗೆ ಹಗ್ಗದಲ್ಲಿ ಚೀಟಿ ಕಟ್ಟಿರ್ತದೆ, ಒಂದೊಂದರ ಬಟ್ಟಿಗೆ (ಭುಜಕ್ಕೆ ಒತ್ತುವ ಮರದ ಭಾಗಕ್ಕೆ) ಸೈಕಲ್ ಟ್ಯೂಬ್ ಸುತ್ತಿರ್ತದೆ. ಜಗಲಿಯ ಬೆಂಚಲ್ಲಿ ಕೂತ ಅಜ್ಜಂದಿರ ಚರ್ಚೆ ನೋಡ್ಬೇಕು ನೀವು. ಒಬ್ಬರದ್ದು ಇಂಗ್ಲೆಂಡಿನ ವೆಬ್ಲಿಯೇ ಕೋವಿ ಅಂತ, ಇನ್ನೊಬ್ಬರದ್ದು ಅಲ್ಲಿಯದ್ದೇ ಗ್ರೀನರ್ ನೋಡಿದವರು ವೆಬ್ಲಿ ಮುಟ್ಟುವುದಿಲ್ಲ ಅಂತ, ಮೂಲೆಯಲ್ಲಿ ಕೂತವರು ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯಷ್ಟು ಗುರಿ ಯಾವುದಕ್ಕೂ ಇಲ್ಲ ಅಂತ. ಕೇಳ್ತಾ ಹೋದ್ರೆ ಮೂವರೂ ಈಡು ಹೊಡೆಯದೆ ಎಷ್ಟೋ ವರ್ಷ ಆಯ್ತು, ಮತ್ತೆ ಮೂವರ ಮಾತೂ ಶುರುವಾಗೋದು "ನಮ್ಮ ದೊಡ್ಡ ಮಾವ ಹೇಳ್ತಿದ್ರು" ಅಂತಲೇ!

ಬರಹಗಾರರು ಮಾಡೋದೂ ಇದನ್ನೇ, ಆದ್ರೆ ಸಾವಿರಾರು ಜನರಿಗೆ ಒಟ್ಟಿಗೆ ಮಾವ ಆಗ್ತಾರೆ ಅಷ್ಟೆ.

ಜಿಮ್ ಕಾರ್ಬೆಟ್ ಅಂದ ಕೂಡಲೇ ಕೋವಿ ಹುಚ್ಚಿನವರ ಬಾಯಲ್ಲಿ ಬರೋದು .275 ರಿಗ್ಬಿ ರೈಫಲ್. ಅದು ಅವರಿಗೆ 1907ರಲ್ಲಿ ಚಂಪಾವತದ ನರಭಕ್ಷಕಿಯನ್ನು ಕೊಂದದ್ದಕ್ಕೆ ಲೆಫ್ಟಿನೆಂಟ್ ಗವರ್ನರ್ ಹ್ಯುವೆಟ್ ಕೊಟ್ಟ ಬಹುಮಾನ. ಅಂದ್ರೆ ಆ ಹುಲಿಗೆ ರಿಗ್ಬಿ ಹೊಡೆದದ್ದೇ ಅಲ್ಲ, ಹುಲಿ ಸತ್ತ ಮೇಲೆ ರಿಗ್ಬಿ ಬಂದದ್ದು. ಅವತ್ತು ಆದದ್ದು ಬೇರೆಯೇ: ಅವರ ರೈಫಲಿನ ತೋಟೆ (ಕಾರ್ಟ್ರಿಜ್) ಮುಗಿದು, ಗಾಯಗೊಂಡ ಹುಲಿ ಬಂಡೆ ಮೇಲಿರುವಾಗ, ಇವರು ಓಡಿಹೋಗಿ ತಹಶೀಲ್ದಾರರ ಹಳೆ ಕೋವಿ ಇಸ್ಕೊಂಡು ಬಂದ್ರು. ಆ ಕೋವಿಯ ನಳಿಗೆಗೂ ಹಿಂದಿನ ಬ್ಲಾಕಿಗೂ ನಡುವೆ ಇಂಚಿನ ಎಂಟರಲ್ಲಿ ಮೂರು ಪಾಲಿನಷ್ಟು ಸಂದು, ಹೊಡೆದವನ ಮುಖಕ್ಕೇ ಸಿಡಿಯುವಂಥದ್ದು. ಇಪ್ಪತ್ತು ಅಡಿಯಿಂದ ಹುಲಿಯ ಬಾಯಿಗೆ ಗುರಿ ಇಟ್ರೆ ಗುಂಡು ಹೋಗಿ ತಾಗಿದ್ದು ಮುಂಗಾಲಿನ ಪಂಜಕ್ಕೆ! ಪುಣ್ಯಕ್ಕೆ ಮೊದಲಿನ ಗುಂಡುಗಳಿಂದಲೇ ಹುಲಿ ಸಾಯ್ತಾ ಇತ್ತು. ಈಗ ಹೇಳಿ, ಇದನ್ನು ಓದಿದ ಯಾರಾದ್ರೂ "ನನಗೆ ತಹಶೀಲ್ದಾರರ ಕೋವಿ ಬೇಕು" ಅಂದದ್ದುಂಟಾ? ಎಲ್ಲರಿಗೂ ರಿಗ್ಬಿಯೇ ಬೇಕು. ರಿಗ್ಬಿ ಕೆಟ್ಟದ್ದು ಅಂತಲ್ಲ ನಾನು ಹೇಳೋದು, 1926ರಲ್ಲಿ ರುದ್ರಪ್ರಯಾಗದ ಚಿರತೆಯನ್ನು ಹೊಡೆದದ್ದು ಅದರಲ್ಲೇ. ಆದ್ರೆ ಆ ಚಿರತೆಯ ಹಿಂದೆ ತಿಂಗಳುಗಟ್ಟಲೆ ಬಿದ್ದದ್ದು, ಮಾವಿನ ಮರದಲ್ಲಿ ರಾತ್ರಿ ಮೇಲೆ ರಾತ್ರಿ ಕಾದದ್ದು, ಇದೆಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಇಡೀ ಕತೆಯಲ್ಲಿ ದುಡ್ಡು ಕೊಟ್ಟು ಮನೆಗೆ ತರ್ಲಿಕ್ಕೆ ಆಗೋದು ಕೋವಿ ಒಂದೇ, ಹಾಗಾಗಿ ಓದಿದವನ ತಲೆಯಲ್ಲಿ ಉಳಿಯೋದೂ ಅದೇ.

ಅಮೆರಿಕದಲ್ಲಂತೂ ಇದು ಸೀದಾ ವ್ಯಾಪಾರ. .270 ವಿಂಚೆಸ್ಟರ್ ಅನ್ನುವ ತೋಟೆ ಬಂದದ್ದು 1925ರಲ್ಲಿ, 130 ಗ್ರೇನಿನ, ಅಂದ್ರೆ ಎಂಟೂವರೆ ಗ್ರಾಂ ಹತ್ತಿರದ ಸಣ್ಣ ಗುಂಡು, ಆದ್ರೆ ಸ್ಪೀಡ್ ಜಾಸ್ತಿ. ಅದನ್ನು ಮನೆಮಾತು ಮಾಡಿದ್ದು ಜ್ಯಾಕ್ ಓ'ಕಾನರ್, 'ಔಟ್‌ಡೋರ್ ಲೈಫ್' ಪತ್ರಿಕೆಯಲ್ಲಿ ದಶಕಗಟ್ಟಲೆ ಕೋವಿ ಬಗ್ಗೆ ಬರೆದವರು, ಅದಕ್ಕೆ ಮೊದಲು ಅರಿಝೋನಾದಲ್ಲಿ ಕಾಲೇಜು ಮೇಷ್ಟ್ರು. ಆಚೆ ಕಡೆ ಐಡಾಹೋದ ಇನ್ನೊಬ್ಬ ಕೋವಿ ಬರಹಗಾರ ಎಲ್ಮರ್ ಕೀತ್, ಸಣ್ಣ ಗುಂಡೆಲ್ಲ ಮಕ್ಕಳಾಟ, ದಪ್ಪ ಭಾರದ ಗುಂಡೇ ಬೇಕು ಅನ್ನುವ ಪಾರ್ಟಿ. ಇಬ್ಬರಿಗೂ ಜನ್ಮದಲ್ಲಿ ಆಗಿಬಂದದ್ದಿಲ್ಲ. ನಮ್ಮಲ್ಲಿ ಯಕ್ಷಗಾನದ ತೆಂಕುತಿಟ್ಟು ಬಡಗುತಿಟ್ಟು ಅಂತ ಜಗಳ ಆಡ್ತಾರಲ್ಲ, ಹಾಗೆಯೇ ಅಲ್ಲಿ ಓದುಗರೂ ಎರಡು ಪಂಗಡ.

ಇದರಲ್ಲಿ ನನಗೆ ಖುಷಿ ಕೊಡುವ ವಿಷಯ ಬೇರೆ ಉಂಟು. ಊರಿಗೆಲ್ಲ .270 ಅಂತ ಬರೆದ ಓ'ಕಾನರ್ ಅವರ ಹೆಂಡತಿ ಎಲಿನೋರ್, ಅವರೂ ದೊಡ್ಡ ಶಿಕಾರಿಯೇ, ಹೆಚ್ಚಾಗಿ ಬಳಸಿದ್ದು 7x57 ಮೌಸರ್. ಜರ್ಮನಿಯ ಆ ತೋಟೆಗೆ ಇಂಗ್ಲೆಂಡಿನಲ್ಲಿ ಇಟ್ಟ ಹೆಸರೇ .275 ರಿಗ್ಬಿ! ಕಾರ್ಬೆಟ್ಟರದ್ದು ಅದೇ, ಎಲಿನೋರ್ ಅವರದ್ದೂ ಅದೇ, ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆ ಹೊಡೆದ 'ಕರಮೋಜೋ' ಬೆಲ್ ತುಂಬ ಆನೆಗಳಿಗೆ ಬಳಸಿದ್ದೂ ಅದೇ. ಮತ್ತೆ ಬೆಲ್ ಅಂದ್ರೆ ಆನೆ ತಲೆಬುರುಡೆಯನ್ನು ಗರಗಸದಲ್ಲಿ ಕೊಯ್ದು ಮಿದುಳು ಎಲ್ಲಿರ್ತದೆ ಅಂತ ನೋಡಿದ ಮನುಷ್ಯ. ಅದನ್ನು ಬಿಟ್ಟು "ಸಣ್ಣ ಗುಂಡಿಗೂ ಆನೆ ಬೀಳ್ತದೆ" ಅನ್ನುವುದನ್ನು ಮಾತ್ರ ಹಿಡ್ಕೊಂಡು ಹೊರಟವನ ಗತಿ ಎಂತ ಆದೀತು ನೀವೇ ಹೇಳಿ.

ಇನ್ನು ನಿಮ್ಮ ಫ್ರೆಂಡ್ಸ್‌ನ .405. ಕನ್ನಡದವರ ತಲೆಯಲ್ಲಿ ಈ ನಂಬರ್ ಕೂತದ್ದು ಬೆಂಗಳೂರಿನ ಕೆನ್ನೆತ್ ಆಂಡರ್ಸನ್ ಅವರಿಂದ, ಅವರ ಕಾಡಿನ ಕತೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದದ್ದರಿಂದ. ಆಂಡರ್ಸನ್ನರ ಕೈಯಲ್ಲಿ ಇದ್ದದ್ದು 1895ರ ಮಾಡೆಲ್ ವಿಂಚೆಸ್ಟರ್, ಕೆಳಗಿನ ಲಿವರ್ ಎಳೆದು ತೋಟೆ ಏರಿಸುವಂಥದ್ದು, ಗುಂಡು 300 ಗ್ರೇನ್, .270ರದ್ದಕ್ಕಿಂತ ಎರಡು ಪಟ್ಟು ಮೀರಿದ ತೂಕ. ಅವರಿಗಿಂತ ಮೊದಲೇ ಅಮೆರಿಕದ ಅಧ್ಯಕ್ಷ ಆಗಿದ್ದ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಇದನ್ನೇ ಹಿಡ್ಕೊಂಡು ಹೋಗಿ ಪುಸ್ತಕದಲ್ಲಿ ಹೊಗಳಿದ್ದರು. ನಾನೂ ಹೈಸ್ಕೂಲಲ್ಲಿ ಆ ಕತೆಗಳನ್ನು ಓದಿ ನೋಟ್‌ಬುಕ್ಕಿನ ಹಿಂದೆ .405 ಅಂತ ಬರೆದವನೇ, ಹಾಗಾಗಿ ನಿಮ್ಮ ಫ್ರೆಂಡ್ಸ್‌ಗೆ ಬಯ್ಯುವುದಿಲ್ಲ. ಆದ್ರೆ ಅವರಿಗೆ ಒಂದು ಪ್ರಶ್ನೆ ಕೇಳಿ, ತೋಟೆ ಎಲ್ಲಿ ಸಿಗ್ತದೆ ಅಂತ. 80ರ ದಶಕದಿಂದ ಸಾಮಾನ್ಯ ಜನರಿಗೆ ವಿದೇಶಿ ಕೋವಿಯ ಆಮದು ಹೆಚ್ಚುಕಮ್ಮಿ ಬಂದ್ ಆಗಿ, ಅಂಗಡಿಯಲ್ಲಿ ಸಲೀಸಾಗಿ ಸಿಕ್ಕಿದ್ದು ನಮ್ಮ ಸರ್ಕಾರಿ ಫ್ಯಾಕ್ಟರಿಯ 12 ಬೋರ್ ತೋಟೆ, ಬಿಟ್ರೆ .315 ರೈಫಲಿನದ್ದು. ನಮ್ಮ ಅಜ್ಜಂದಿರೆಲ್ಲ 12 ಬೋರ್ ಭಕ್ತರಾದದ್ದಕ್ಕೆ ಇದೂ ಕಾರಣ. ಸಿಗುವುದನ್ನು ಬಳಸಿದ್ರು, ಬಳಸಿದ್ದನ್ನು ಹೊಗಳಿದ್ರು. ಹೊಸ ಇಂಗ್ಲೆಂಡ್ ಕೋವಿ ಬರುವುದು ನಿಂತ ಮೇಲೆ ಹಳೆಯದಕ್ಕೆ ಇನ್ನೂ ಮರ್ಯಾದೆ ಜಾಸ್ತಿ ಆಯ್ತು.

ನಮ್ಮ ಪುತ್ತೂರು ಕಡೆಯ ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಸಿಕ್ಕಿದ್ರೆ ಓದಿ. ಕೋವಿ ಮಾಡೆಲ್ ನೋಡ್ಲಿಕ್ಕೆ ಅಲ್ಲ, ಕಾಡು ನೋಡ್ಲಿಕ್ಕೆ.

ಈಗ ಮಾವನ ಮಾತಿಗೆ ಬರುವ. ಕಲಿಸಿದವರ ಪ್ರಭಾವ ಪುಸ್ತಕಕ್ಕಿಂತ ಗಟ್ಟಿ ಯಾಕಂದ್ರೆ ಅದು ಕೆನ್ನೆ ಮತ್ತು ಭುಜದ ಮೂಲಕ ಬರ್ತದೆ. ಜೋಡಿ ನಳಿಗೆ ಕೋವಿಗೆ ಹಿಂದಿನ ಸೈಟ್ ಇರುವುದಿಲ್ಲ, ನಿಮ್ಮ ಕಣ್ಣೇ ಹಿಂದಿನ ಸೈಟ್, ಕೆನ್ನೆ ಬಟ್ಟಿನ ಮೇಲೆ ಎಲ್ಲಿ ಕೂರ್ತದೆ ಅನ್ನೋದರ ಮೇಲೆ ಗುರಿ. ಚಿಕ್ಕಂದಿನಿಂದ ಒಂದೇ ಕೋವಿ ಹಿಡಿದವನಿಗೆ ಮೈ ಅದಕ್ಕೆ ಹೊಂದಿಕೊಂಡಿರ್ತದೆ, ಬೇರೆ ಯಾವುದು ಎತ್ತಿದ್ರೂ "ಇದು ಸರಿ ಇಲ್ಲ" ಅನಿಸ್ತದೆ, ನಮ್ಮ ಮನೆಯ ಮೆಟ್ಟುಕತ್ತಿ ಬಿಟ್ಟು ಬೇರೆ ಮನೆಯದ್ದರಲ್ಲಿ ಮೀನು ಕೊಯ್ದ ಹಾಗೆ. ನನಗೆ ಇದು ಅರ್ಥ ಆದದ್ದು ದುಡ್ಡು ಹಾಳು ಮಾಡಿಕೊಂಡ ಮೇಲೆ. ಶೂಟಿಂಗ್ ರೇಂಜಿಗೆ ಹೋಗ್ಲಿಕ್ಕೆ ಶುರು ಮಾಡಿದಾಗ ಒಬ್ಬ ವಿಡಿಯೋದವನ ಮಾತು ಕೇಳಿ ಏರ್ ರೈಫಲ್ ತಗೊಂಡೆ, ಅವನು ಆರಡಿ ಆಳು, ನಾನು ಐದಡಿ ನಾಲ್ಕಿಂಚು, ಕೋವಿಯ ಬಟ್ ಉದ್ದ ಆಗಿ ಪ್ರತಿಸಲ ಕುತ್ತಿಗೆ ಚಾಚಿ ಹೊಡೀಬೇಕು. ಆರು ತಿಂಗಳು ನನ್ನ ಕೈಗೇ ಬಯ್ದುಕೊಂಡೆ. ಕೊನೆಗೆ ಕೋಚ್ ಬಂದು ಟೇಪ್ ಹಿಡಿದು ಅಳೆದು ನಕ್ಕುಬಿಟ್ರು.

ಮತ್ತೆ "ಉದ್ದ ನಳಿಗೆ". ಇದು ಸುಳ್ಳಲ್ಲ, ಹಳೆ ಸತ್ಯ. ಕರಿಮದ್ದಿನ ಕಾಲದಲ್ಲಿ ಮದ್ದು ನಿಧಾನಕ್ಕೆ ಉರೀತಿತ್ತು, ನಳಿಗೆ ಉದ್ದ ಇದ್ದಷ್ಟು ಚರೆಗೆ (ತೋಟೆಯೊಳಗಿನ ಸೀಸದ ಕಾಳಿಗೆ) ವೇಗ ಸಿಗ್ತಿತ್ತು. ಈಗಿನ ಹೊಗೆ ಕಮ್ಮಿಯ ನೈಟ್ರೋ ಮದ್ದು ನಳಿಗೆಯ ಬುಡದಲ್ಲೇ ಹೆಚ್ಚಿನ ಕೆಲಸ ಮುಗಿಸ್ತದೆ, 26 ಇಂಚಿಗೂ 30 ಇಂಚಿಗೂ ವೇಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಮಾವನಿಗೆ ಅವರ ಮಾವ ಹೇಳಿದ್ರು, ಅವರಿಗೆ ಇನ್ಯಾರೋ, ಮದ್ದು ಬದಲಾದ ಸುದ್ದಿ ಮಾತ್ರ ಯಾರೂ ಹೇಳ್ಲಿಲ್ಲ!

ಹಾಗಂತ ಎಲ್ಲ ಹಳೆ ಮಾತನ್ನು ಎಸೀಬೇಡಿ. ಕೋವಿ ಖಾಲಿ ಉಂಟು ಅಂತ ಗೊತ್ತಿದ್ರೂ ನಳಿಗೆಯ ಬಾಯಿ ಯಾರ ಕಡೆಗೂ ತಿರುಗಿಸ್ಬಾರದು, ಕೊಡುವಾಗ ಮುರಿದು (ಅಂದ್ರೆ ನಳಿಗೆ ಬಗ್ಗಿಸಿ ತೆರೆದು) ತೋರಿಸಿಯೇ ಕೊಡ್ಬೇಕು, ಇದೂ ಮಾವಂದಿರೇ ಕಲಿಸಿದ್ದು.

ಲೈಸೆನ್ಸ್ ಆಗಿ ಕೋವಿ ಕೈಗೆ ಬಂದ ಮೇಲೆ ತೋಟೆ ಹಾಕುವ ಮೊದಲು ಗೊತ್ತಿರುವ ಆರ್ಮರರ್ (ಕೋವಿ ರಿಪೇರಿಯವರ) ಹತ್ರ ತೋರಿಸಿ. ನಳಿಗೆ ಮೇಲೆ ಹಾವಿನ ಪೊರೆ ತರ ಗೆರೆಗೆರೆ ಕಂಡ್ರೆ ಅದು ಡಮಾಸ್ಕಸ್ ನಳಿಗೆ, ನೋಡ್ಲಿಕ್ಕೆ ಬಹಳ ಚಂದ, ಆದ್ರೆ ಹೆಚ್ಚಿನವು ಕರಿಮದ್ದಿಗೆ ಮಾಡಿದಂಥವು, ಈಗಿನ ತೋಟೆ ಹಾಕಿದ್ರೆ ಎಡಗೈ ಹೋದೀತು. ನಳಿಗೆಯ ಅಡಿಯಲ್ಲಿ ಪ್ರೂಫ್ ಗುರುತು, ಅಂದ್ರೆ ನಳಿಗೆ ಪರೀಕ್ಷೆ ಮಾಡಿದ ಮುದ್ರೆ ಇರ್ತದೆ, ಅದು ನೈಟ್ರೋ ಮದ್ದಿನದ್ದಾ ಅಂತ ನೋಡಿಸಿ. ಹಾಗೇ ತೋಟೆ ಕೂರುವ ಚೇಂಬರ್ ಎಷ್ಟು ಉದ್ದ ಅಂತ ಕೇಳಿ, ಇಂಗ್ಲೆಂಡಿನ ಹಳೆಯವು ತುಂಬ ಎರಡೂವರೆ ಇಂಚಿನವು, ಅದಕ್ಕೆ ಎರಡು ಮುಕ್ಕಾಲಿನ ತೋಟೆ ಹಾಕ್ಬಾರದು. ಗುರುತು ಸರಿ ಉಂಟು ಅಂತಾದ್ರೆ ಒಮ್ಮೆ ಕೋವಿ ಎತ್ತಿ ಕೆನ್ನೆಗೆ ಇಟ್ಟು ನೋಡಿ. ಮಾವ ನಿಮಗಿಂತ ಎತ್ತರ ಇದ್ರಾ ಗಿಡ್ಡ ಇದ್ರಾ ನೀವು ಬರೆದಿಲ್ಲ.